ಹಳದಿ ದಾರ ಸುತ್ತಿದ ಉಂಗುರ

"ಮೆಲ್ಲಗೆ, ಒತ್ತಬೇಡ. ಬೆರಳು ಸೊರಗಿ ಕಡ್ಡಿಯಾಗಿದೆ, ತಾನೇ ಇಳಿಯುತ್ತೆ," ಎನ್ನುತ್ತ ಚಿಕ್ಕಮ್ಮ ತೀರಿಹೋದ ಅಕ್ಕನ ತಣ್ಣಗಿನ ಬೆರಳಿಗೆ ಕೆಂಪು ಕಲ್ಲಿನ ಬಿಳಿ ಉಂಗುರ ತೊಡಿಸುತ್ತಿದ್ದಳು. ಮಗಳು ಅಮ್ಮನ ಮಣಿಕಟ್ಟು ಹಿಡಿದುಕೊಂಡಿದ್ದಳು. ಆಸ್ಪತ್ರೆಯ ಹಾಸಿಗೆ ಬಟ್ಟೆಗಳಿಗೆ ಜೀವಮಾನವಿಡೀ ಇಸ್ತ್ರಿ ಹಾಕಿದ ಕೈ ಅದು. ಹೆಬ್ಬೆರಳ ಬುಡದಲ್ಲಿ ಸುಟ್ಟ ಕಲೆಗಳು ಹಾಗೇ ಇದ್ದವು.

ಅಪ್ಪ ಬೆಳಗಿನಿಂದ ಗೋಡೆಗೆ ಒರಗಿ ಕೂತಿದ್ದ. ಬೀಗ ರಿಪೇರಿಯ ಕೆಲಸದವನು. ಗಿರಾಕಿಗಳ ಜೊತೆ ಹರಟೆಯೋ ಹರಟೆ, ಮನೆಗೆ ಬಂದರೆ ಮಾತಿಗೆ ಬರ. ಬಂದವರು ಸಮಾಧಾನ ಹೇಳಿದರೂ ತಲೆಯಾಡಿಸಿದ್ದಷ್ಟೇ. ಅಂಥವನು ಈಗ ಬಾಯಿ ಬಿಟ್ಟ.

"ಆ ಬಣ್ಣದಲ್ಲಿ ಬೇಡ."

"ಯಾವ ಬಣ್ಣ ಭಾವ?"

"ಬಿಳಿ ಬೇಡ. ತೆಗಿ. ಮೊದಲಿನ ಥರ ಹಳದಿ ಮಾಡಿಸ್ಕೊಂಡು ಬರ್ತೀನಿ."

"ಮಧ್ಯಾಹ್ನ ಗಾಡಿ ಬರುತ್ತೆ, ನಿಮಗೆ ಈಗ ಬಣ್ಣದ ಯೋಚನೇನಾ?" ಚಿಕ್ಕಮ್ಮ ದನಿ ತಗ್ಗಿಸಿದಳು. "ಅಷ್ಟಕ್ಕೂ ಚಿನ್ನ ಇದ್ದಿದ್ದನ್ನ ಕದ್ದುಮುಚ್ಚಿ ಮಾರಿದವಳು ಅವಳೇ ಅಲ್ವಾ. ಈ ಹೊತ್ತಲ್ಲಿ ಹೇಳ್ಬಾರ್ದು, ನನ್ನ ಒಡಹುಟ್ಟಿದವಳು. ಆದ್ರೂ ಇದ್ದಿದ್ದು ಇದ್ದ ಹಾಗೆ."

ಮಗಳು ನೆಲ ನೋಡಿದಳು. ಆ ಸುದ್ದಿಯನ್ನು ಚಿಕ್ಕಮ್ಮನ ಕಿವಿಗೆ ಹಾಕಿದವಳು ಅವಳೇ.

ಅಪ್ಪ ಉಂಗುರವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಚಪ್ಪಲಿ ಮೆಟ್ಟಿದ. "ನೀನೂ ಬಾ," ಎಂದ ಮಗಳಿಗೆ.

*

ಅಮ್ಮ ಆ ಉಂಗುರವನ್ನು ಹಾಕಿಕೊಳ್ಳುತ್ತಿದ್ದುದೇ ಅಪರೂಪ. ಯಾರದಾದರೂ ಮದುವೆಯಿದ್ದರೆ ಡಬ್ಬಿಯಿಂದ ಹೊರಗೆ ಬರುತ್ತಿತ್ತು. ಹಾಕಿಕೊಂಡ ದಿನ ಆ ಕೈಯನ್ನು ನೀರಿಗೆ ಇಳಿಸುತ್ತಿರಲಿಲ್ಲ, ಬಸ್ಸಿನ ಕಂಬಿಯನ್ನೂ ಹಿಡಿಯುತ್ತಿರಲಿಲ್ಲ. ಮನೆಗೆ ಬಂದವಳೇ ಹತ್ತಿಯಿಂದ ಒರೆಸಿ ಮತ್ತೆ ಡಬ್ಬಿಗೆ. "ನಮ್ಮ ಮಹಾರಾಣಿಯವರ ಜಂಬ ನೋಡು," ಎಂದು ಮಗಳು ರೇಗಿಸುತ್ತಿದ್ದಳು. ಅಂಗೈ ಕಡೆಗೆ ಬರುವ ಭಾಗಕ್ಕೆ ಅಮ್ಮ ಹಳದಿ ದಾರ ಸುತ್ತಿದ್ದಳು. ಸಡಿಲ ಅಂತೆ.

ಎರಡು ವರ್ಷದ ಹಿಂದೆ ಗೆಳತಿಯ ಮದುವೆಗೆ ಹೊರಟ ಮಗಳಿಗೆ ಆ ಕೆಂಪು ಕಲ್ಲಿನ ಉಂಗುರವೇ ಬೇಕೆನಿಸಿತು. ಅವಳ ಸರ, ಓಲೆ ಎಲ್ಲವೂ ಬಿಳಿ. ಅದೊಂದು ಮಾತ್ರ ಹಳದಿ. ಅಮ್ಮನನ್ನು ಕೇಳಿದ್ದರೆ ಆಗುತ್ತಿತ್ತು. ಕೇಳಲಿಲ್ಲ. ಹೇಗೂ ಹಾಕುವುದಿಲ್ಲ, ಹೊಸ ಥರ ಮಾಡಿಸಿಕೊಟ್ಟರೆ ಖುಷಿಪಟ್ಟಾಳು ಎಂದುಕೊಂಡು ದಾರ ಕತ್ತರಿಸಿ ಎಸೆದು, ಒಡವೆಗೆ ಬಣ್ಣ ಹಾಕುವವನ ಅಂಗಡಿಗೆ ಒಯ್ದಳು. ದಾರದ ಅಡಿಯಲ್ಲಿ ಸಣ್ಣ ಬಿಳಿ ಗೆರೆಯೊಂದು ಕಂಡಿತ್ತು. ಆಗ ಅದು ತಲೆಗೆ ಹೋಗಲಿಲ್ಲ. ಅಂಗಡಿಯವನು ತಿರುಗಿಸಿ ನೋಡಿ, "ಇದು ಬೆಳ್ಳಿ ಕಣಮ್ಮ, ಮೇಲೆ ಚಿನ್ನದ ನೀರು ಹಾಕಿದಾರೆ," ಎಂದ.

ಅವತ್ತು ಊಟಕ್ಕೆ ಕೂತಾಗ ಬಿಳಿಯಾದ ಉಂಗುರವನ್ನು ಅಪ್ಪನ ತಟ್ಟೆಯ ಪಕ್ಕದಲ್ಲಿಟ್ಟು ಮಗಳು ನಕ್ಕಳು. "ಅಪ್ಪಾ, ಯಾರೋ ನಿಂಗೆ ಚೆನ್ನಾಗಿ ಟೋಪಿ ಹಾಕಿದಾರೆ. ಇದು ಚಿನ್ನಾನೇ ಅಲ್ಲವಂತೆ."

ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು. ಅವನು ತಲೆಯೆತ್ತುವ ಮೊದಲೇ ಅಮ್ಮ ಮಾತಾಡಿದಳು.

"ಅದು ನಾನೇ ಮಾಡಿದ್ದು. ನಿಂಗೆ ಚಿಕ್ಕವಳಿದ್ದಾಗ ಜ್ವರ ಬಂದಿತ್ತಲ್ಲ, ಆಗ ಚಿನ್ನ ಮಾರಿ ಆ ಕಲ್ಲನ್ನ ಬೆಳ್ಳಿಗೆ ಕೂರಿಸಿದೆ. ಹೇಳ್ಬೇಕು ಹೇಳ್ಬೇಕು ಅಂತ ಹಾಗೇ ಉಳೀತು." ಆಮೇಲೆ ಉಂಗುರವನ್ನು ಬೆಳಕಿಗೆ ಹಿಡಿದು, "ಬಿಳಿ ಚೆನ್ನಾಗೇ ಇದೆ. ಇನ್ನೊಂಚೂರು ಬಡಿಸ್ಲಾ?" ಎಂದಳು.

"ಅಪ್ಪನಿಗೆ ಒಂದು ಮಾತು ಹೇಳೋಕೆ ಆಗ್ಲಿಲ್ವಾ? ಇಷ್ಟು ವರ್ಷ ಮೋಸ ಮಾಡಿದ್ಯಲ್ಲಮ್ಮ."

ಅಪ್ಪ ತಲೆ ತಗ್ಗಿಸಿ ಉಣ್ಣತೊಡಗಿದ. ಪಾಪ, ಎಷ್ಟು ನೊಂದುಕೊಂಡನೋ ಎಂದು ಮಗಳಿಗೆ ಹೊಟ್ಟೆ ಉರಿಯಿತು. ಆ ಉರಿಯನ್ನೆಲ್ಲ ಅಮ್ಮನ ಮೇಲೆ ತೀರಿಸಿಕೊಂಡಳು. ಅಂದಿನಿಂದ ಮನೆಯಲ್ಲಿ ಏನೇ ಕಾಣದಿದ್ದರೂ, "ಅಮ್ಮನ್ನ ಕೇಳಿ, ಮಾರಿರ್ತಾಳೆ," ಎನ್ನುವುದು ಅವಳ ತಮಾಷೆಯಾಯಿತು. ಅಮ್ಮನೂ ನಗುತ್ತಿದ್ದಳು.

ತಮಾಷೆ ಅಲ್ಲಿಗೇ ನಿಲ್ಲಲಿಲ್ಲ. ಹೋದ ವರ್ಷ ಮಗಳಿಗೆ ಆಪರೇಷನ್ ಆದಾಗ ಅಮ್ಮ ಆರೈಕೆಗೆ ಅವಳ ಮನೆಗೆ ಬರುವವಳಿದ್ದಳು. ಮಗಳು ಅಪ್ಪನನ್ನು ಕರೆಸಿ, "ಕಪಾಟಿಗೆ ಒಂದು ಬೀಗ ಕೂರಿಸಿಕೊಡು," ಎಂದಳು.

"ಇಷ್ಟು ದಿನ ಇರ್ಲಿಲ್ಲ, ಈಗ್ಯಾಕೆ?"

"ಬಳೆ ಎಲ್ಲ ಅದರಲ್ಲೇ ಇದೆ. ಅಮ್ಮ ಬರ್ತಾಳಲ್ಲ."

ಅಪ್ಪ ಸ್ಕ್ರೂಡ್ರೈವರ್ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದ. ಆಮೇಲೆ ಕೂರಿಸಿದ.

ಅಮ್ಮ ಬಂದವಳು ಹೊಸ ಬೀಗದ ಮುಂದೆ ಒಂದು ಗಳಿಗೆ ನಿಂತಳು. ತಿರುಪುಗಳ ತಲೆಯ ಗೀರುಗಳೆಲ್ಲ ಒಂದೇ ನೇರಕ್ಕೆ ನಿಂತಿದ್ದವು. ಬಿಗಿಮಾಡುವಾಗ ಹಾಗೆ ನಿಲ್ಲಿಸುವುದು ಅಪ್ಪನ ಪದ್ಧತಿ. "ನಿಮ್ಮಪ್ಪನ ಕೈಕೆಲಸ," ಎಂದಳು ಅಷ್ಟೇ. ಹೊರಡುವ ದಿನ ತನ್ನ ಚೀಲವನ್ನು ಮಗಳ ಹಾಸಿಗೆಯ ಮೇಲೆ ಸುರಿದು, ಒಂದೊಂದೇ ಬಟ್ಟೆಯನ್ನು ಕೊಡವಿ, ಮಡಚಿ, ಮತ್ತೆ ತುಂಬಿದಳು. ಇಸ್ತ್ರಿಯವಳ ಚಾಳಿ ಎಲ್ಲಿಗೆ ಹೋದೀತು ಎಂದುಕೊಂಡಳು ಮಗಳು.

*

ಬಣ್ಣ ಹಾಕುವವನು ಉಂಗುರವನ್ನು ಉಜ್ಜಿ, ತೊಳೆದು, ತಂತಿಗೆ ಸಿಕ್ಕಿಸಿದ. "ಎಷ್ಟು ದಪ್ಪ ಬೇಕು ಸ್ವಾಮಿ? ಅಪರೂಪಕ್ಕೆ ಹಾಕೋದಾದ್ರೆ ತೆಳ್ಳಗೆ ಸಾಕು. ದಿನಾ ಹಾಕೋದಾದ್ರೆ ಸವೆದುಹೋಗುತ್ತೆ."

"ದಪ್ಪಕ್ಕೇ ಹಾಕು," ಎಂದ ಅಪ್ಪ. "ಇನ್ನು ತೆಗೆಯೋದಿಲ್ಲ."

ಇಬ್ಬರೂ ಅಂಗಡಿ ಮುಂದಿನ ಬೆಂಚಿನ ಮೇಲೆ ಕೂತರು. ಎದುರಿನ ಗ್ಯಾರೇಜಿನಲ್ಲಿ ಯಾರೋ ತಗಡು ಬಡಿಯುತ್ತಿದ್ದರು. ಅಪ್ಪ ಕರವಸ್ತ್ರವನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದ.

"ಅದು ಯಾವತ್ತೂ ಚಿನ್ನ ಆಗಿರ್ಲಿಲ್ಲ."

"ಏನು?"

"ಮದುವೆಗೆ ಮುಂಚೆ ಹೀಗೇ ಒಂದು ಅಂಗಡಿ ಮುಂದೆ ಕೂತು ಬಣ್ಣ ಹಾಕಿಸಿದ್ದೆ. ಚಿನ್ನ ಅಂತ ಹೇಳಿ ತೊಡಿಸಿದೆ. ಕೈಲಾದಾಗ ನಿಜದ್ದು ಮಾಡಿಸಿ, ಗೊತ್ತಾಗದ ಹಾಗೆ ಬದಲಾಯಿಸಿಬಿಡೋಣ ಅಂದ್ಕೊಂಡೆ. ಅದಾಗ್ಲೇ ಇಲ್ಲ."

"ಮತ್ತೆ ಅಮ್ಮ, ನಾನೇ ಮಾರಿದೆ ಅಂದ್ಲಲ್ಲ?"

"ಮಾರೋಕೆ ಅದರಲ್ಲಿ ಏನಿತ್ತು?"

ಕತ್ತರಿಸಿ ಎಸೆದ ಹಳದಿ ದಾರ, ಅದರಡಿಯ ಬಿಳಿ ಗೆರೆ ಮಗಳ ಕಣ್ಣ ಮುಂದೆ ಬಂದವು. ಅಮ್ಮನ ಬೆರಳಿಗೆ ಉಂಗುರ ಸಡಿಲವಾಗಿರಲೇ ಇಲ್ಲ. ಸವೆದದ್ದು ಗಂಡನಿಗೆ ಕಾಣಬಾರದೆಂದು ಸುತ್ತಿದ ದಾರ ಅದು. ಇನ್ನಷ್ಟು ಸವೆಯಬಾರದೆಂದು ಡಬ್ಬಿಯಲ್ಲಿಟ್ಟಳು.

"ಅವಳಿಗೆ ಗೊತ್ತಿತ್ತು ಅನ್ನೋದು ನಂಗೆ ಗೊತ್ತಾಗಿದ್ದೇ ಅವತ್ತು, ಊಟಕ್ಕೆ ಕೂತಾಗ," ಎಂದ ಅಪ್ಪ. "ನನ್ನ ಮಾನ ಉಳಿಸಿದ್ಲು. ನಾನು ತಟ್ಟೆ ನೋಡ್ಕೊಂಡು ಉಂಡೆ."

"ನಾನು ಬೀಗ ಕೇಳಿದ್ನಲ್ಲಪ್ಪ. ಆಗಾದ್ರೂ ಹೇಳ್ಬಹುದಿತ್ತು."

"ಹೇಳ್ಬಹುದಿತ್ತು."

ಅಪ್ಪನನ್ನು ಬೈಯಬೇಕೆನಿಸಿತು ಅವಳಿಗೆ. ಆದರೆ ಬೀಗ ಕೇಳು ಎಂದು ಅಪ್ಪನೇನೂ ಹೇಳಿಕೊಟ್ಟಿರಲಿಲ್ಲ. ಆ ಬುದ್ಧಿ ಅವಳದೇ. ಹಾಸಿಗೆಯ ಮೇಲೆ ಚೀಲ ಸುರಿದು, ಕೊಡವಿದ ಒಂದೊಂದು ಬಟ್ಟೆಯನ್ನೂ ಅಮ್ಮ ತನಗೆ ತೋರಿಸುತ್ತಿದ್ದಳು ಎಂಬುದು ಅವಳಿಗೆ ಹೊಳೆದದ್ದು ಆಗಲೇ. ತಾನು ನೋಡಿಯೂ ಇದ್ದಳು. ಏನೂ ಇಲ್ಲವೆಂದು ಒಳಗೊಳಗೇ ಸಮಾಧಾನವೂ ಆಗಿತ್ತು.

"ಚಿಕ್ಕಮ್ಮನಿಗೆ ನೀನೇ ಹೇಳ್ಬೇಕು," ಎಂದಳು. "ಗಾಡಿ ಬರೋದರೊಳಗೆ. ಎಲ್ಲರ ಮುಂದೆ."

ಅಪ್ಪ ಎದ್ದು ಉಂಗುರ ತರಲು ಅಂಗಡಿಯೊಳಗೆ ಹೋದ.

*

ಮನೆ ತುಂಬಿತ್ತು. ಆಸ್ಪತ್ರೆಯಲ್ಲಿ ಅಮ್ಮನ ಜೊತೆಗಿದ್ದ ಇಸ್ತ್ರಿಯವರು ಸಾಲಾಗಿ ನಿಂತಿದ್ದರು. ಉಂಗುರ ಈಗ ನಿಜಕ್ಕೂ ಸಡಿಲ. ಮಗಳು ಹೊಲಿಗೆ ಡಬ್ಬಿಯಿಂದ ಹಳದಿ ದಾರ ಹುಡುಕಿ, ಅಂಗೈ ಕಡೆಯ ಭಾಗಕ್ಕೆ ಸುತ್ತಿ, ಅಮ್ಮನ ಬೆರಳಿಗೆ ತೊಡಿಸಿದಳು.

"ಈಗ ಅಪ್ಪಟ ಚಿನ್ನದ ಹಾಗೇ ಕಾಣುತ್ತೆ," ಎಂದಳು ಚಿಕ್ಕಮ್ಮ. "ಹೋಗ್ಲಿ ಬಿಡಿ ಭಾವ, ಮಾರಿದ್ರೆ ಮಾರಿದ್ಲು. ಹೊಟ್ಟೆಗೆ ಹಾಕ್ಕೊಂಡುಬಿಡಿ."

ಅಪ್ಪ ಮಗಳನ್ನು ನೋಡಿದ. ಮಗಳು ಕಣ್ಣು ಕದಲಿಸಲಿಲ್ಲ.

"ಅವಳು ಏನೂ ಮಾರ್ಲಿಲ್ಲ," ಎಂದ. ದನಿ ಮೊದಲು ಏಳಲೇ ಇಲ್ಲ, ಇನ್ನೊಮ್ಮೆ ಹೇಳಿದ. "ನಾನು ಕೊಟ್ಟಿದ್ದೇ ಬೆಳ್ಳಿ. ಚಿನ್ನ ಅಂತ ಸುಳ್ಳು ಹೇಳಿದ್ದು ನಾನು. ನನ್ನ ಸುಳ್ಳನ್ನ ಅವಳು ತನ್ನ ತಲೆ ಮೇಲೆ ಹಾಕ್ಕೊಂಡ್ಲು."

ಇಸ್ತ್ರಿಯವರಲ್ಲಿ ಒಬ್ಬಳು ಮುಖ ತಿರುಗಿಸಿದಳು. ಚಿಕ್ಕಮ್ಮ ಅಕ್ಕನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅವಳಿಗೆ ಕಿವಿ ಕೇಳಿಸ್ತಿದ್ದಾಗ ಹೇಳ್ಬಾರ್ದಿತ್ತಾ ಭಾವ?"

ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು.

*

ಮಣ್ಣು ಮುಚ್ಚಿ ಬಂದ ಮೇಲೆ ಅಪ್ಪ ತನ್ನ ಮನೆಗೆ ಹೋಗಲಿಲ್ಲ. ತನ್ನ ಬೀಗದ ಅಂಗಡಿಯಿಂದ ಸಲಕರಣೆ ಚೀಲ ತೆಗೆದುಕೊಂಡು ಮಗಳ ಮನೆಗೆ ಬಂದ. ಕಾಲಿಗೆ ಹತ್ತಿದ ಕೆಂಪು ಮಣ್ಣು ನೆಲದ ಮೇಲೆ ಹೆಜ್ಜೆಹೆಜ್ಜೆಗೂ ಬಿತ್ತು. ಅವಳು ಒರೆಸಲು ಹೋಗಲಿಲ್ಲ.

ಕಪಾಟಿನ ಮುಂದೆ ಮೊಣಕಾಲೂರಿ ಕೂತು ಅವನು ಒಂದೊಂದೇ ತಿರುಪು ಬಿಚ್ಚಿದ. ಅವಳು ಅಂಗೈ ಚಾಚಿ ಹಿಡಿದುಕೊಳ್ಳುತ್ತ ಹೋದಳು. ಬಿಗಿಯಾಗಿ ಕೂರಿಸಿದ್ದ, ಸುಲಭಕ್ಕೆ ಬರಲಿಲ್ಲ. ಕೊನೆಗೆ ಬೀಗ ಕಳಚಿ ಅವನ ಕೈಗೆ ಬಂತು. ಮರದಲ್ಲಿ ತಿರುಪಿನ ತೂತುಗಳು ಉಳಿದವು. ಅವುಗಳ ನಡುವೆ ಬೀಗ ಕೂತಿದ್ದ ಜಾಗ ಮಾತ್ರ ಬಣ್ಣ ಮಾಸದೆ, ಸುತ್ತಲಿನ ಮರಕ್ಕಿಂತ ಹೊಸದಾಗಿ ಕಾಣುತ್ತಿತ್ತು. ಮಗಳು ಸೆರಗಿನ ತುದಿಯಿಂದ ಆ ಗುರುತನ್ನು ಉಜ್ಜಿದಳು. ಮತ್ತೆ ಉಜ್ಜಿದಳು. ಅದು ಹೋಗಲಿಲ್ಲ.