ಕಲ್ಲಿಗೆ ಬರೆದುಕೊಟ್ಟ ಸಾಲು

ಯುಗಾದಿ ಆದಮೇಲೆ ಒಂದು ದಿನವೂ ಸರ್ಕಾರಿ ಹುದ್ದೆಯ ಪರೀಕ್ಷೆಯ ಪುಸ್ತಕ ತೆರೆದಿಲ್ಲ ಎಂಬುದನ್ನು ಶಿವರಂಜನಿ ತನ್ನ ಡೈರಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಡೈರಿಗೂ ಅಳುಕುತ್ತಲೇ ಹೇಳಿದ್ದಳು. ಅಂಥವಳು ದೊಡ್ಡ ಅಧಿಕಾರಿಯಾಗುವಳೆಂದು ಈಗ ಕಲ್ಲಿನಲ್ಲಿ ಕೆತ್ತಿಸುವ ಮಾತು ನಡೆದಿತ್ತು.

ಇದೆಲ್ಲ ಶುರುವಾದದ್ದು ಸಿಂಧನೂರಿನಲ್ಲಿ. ವರ್ತಕರಿಗೆಂದು ಅಲ್ಲಿ ಎರಡು ದಿನದ ಶಿಬಿರವಿತ್ತು. ಅವಳ ಅಪ್ಪ ಅಮರಗುಂಡಪ್ಪ ಮಸ್ಕಿಯ ತನ್ನ ಬಟ್ಟೆ ಅಂಗಡಿಯನ್ನು ಮಗಳ ಕೈಗೆ ಬಿಟ್ಟು ಹೋಗಿದ್ದ. ಪ್ರತಿ ಮನೆಗೂ ಒಂದು ಧ್ಯೇಯವಾಕ್ಯ ಇರಬೇಕು, ಮನೆಯವರೆಲ್ಲ ಕೂತು ಬರೆದು ಕಣ್ಣಿಗೆ ಬೀಳುವಲ್ಲಿ ಹಾಕಬೇಕು ಎಂದು ಅಲ್ಲಿ ಯಾರೋ ಹೇಳಿದ್ದು ಅವನ ತಲೆಯಲ್ಲಿ ಕೂತುಬಿಟ್ಟಿತು. ಬೇರೆಯವರಾಗಿದ್ದರೆ ಹಾಳೆಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಿದ್ದರು. ಹೊಸ ಮನೆಯ ಬಾಗಿಲಿಗೆ ಹೆಸರಿನ ಕಲ್ಲು ಹೇಗೂ ಬೇಕಿತ್ತಲ್ಲ, ಅದರಲ್ಲೇ ಇದನ್ನೂ ಕೆತ್ತಿಸಿದರಾಯಿತು ಎಂದ ಅಪ್ಪ.

ಬರೆಯುವ ಕೆಲಸ ಪದವಿ ಮುಗಿಸಿದ ಮಗಳ ಪಾಲಿಗೆ ಬಂತು. ಬೆಳಗಿನ ಪೂಜೆಯಾದ ಮೇಲೆ ಎಲ್ಲರನ್ನೂ ಕೂರಿಸಿ ಕೇಳಿದಳು. ಮನೆಗೆ ಬಂದವರು ಉಂಡು ಹೋಗಬೇಕು ಎಂಬುದು ಅಪ್ಪನ ಸಾಲು. ಬರುವವರು ಮೊದಲೇ ಹೇಳಿ ಬರಬೇಕು ಎಂದು ಅದರ ಕೆಳಗೇ ಸೇರಿಸು ಎಂದಳು ಅವ್ವ. ಅಜ್ಜಿ ಬಸವಣ್ಣೆಮ್ಮ ಎಲೆಯಡಿಕೆ ಪಕ್ಕಕ್ಕಿಟ್ಟಳು.

"ಯಾರೂ ಯಾರ ಮ್ಯಾಲೂ ಒದರಬಾರದು ಅಂತ ಬರಿ. ನಿಮ್ಮಪ್ಪನ ಹೆಸರು ಹಾಕಬ್ಯಾಡ, ಅಂವಗ ತಿಳಿತೈತಿ."

ಎಲ್ಲರೂ ನಕ್ಕರು. ಆ ನಗು ನಿಲ್ಲುವ ಮೊದಲೇ ಶಿವರಂಜನಿಯ ಸಾಲನ್ನು ಅಪ್ಪನೇ ಹೇಳಿಬಿಟ್ಟ: ಈ ಮನೆಯ ಮಗಳು ದೊಡ್ಡ ಅಧಿಕಾರಿಯಾಗುವಳು. ಅವಳು ತಲೆ ತಗ್ಗಿಸಿ ಬರೆದುಕೊಂಡಳು.

ಅವಳಿಗೆ ಬೇಕಾದದ್ದು ಬೇರೆಯೇ ಇತ್ತು. ಅಪ್ಪ ಊರಲ್ಲಿಲ್ಲದ ಆ ಎರಡು ದಿನ ಹತ್ತಿರದ ಪಾಮನಕಲ್ಲೂರಿನ ಹೆಣ್ಣುಮಕ್ಕಳು ಸೀಮಂತದ ಕುಬಸಕ್ಕೆ ಬಟ್ಟೆ ಕೊಳ್ಳಲು ಬಂದಿದ್ದರು. ಗಂಡಸರ ಮುಂದೆ ಹೇಳಲಾಗದ ಅಳತೆ, ಇಷ್ಟದ ಬಣ್ಣ, ಅತ್ತೆಯ ಕಾಟ ಎಲ್ಲವನ್ನೂ ಅವಳೆದುರು ಹರವಿದ್ದರು. ನಾಲ್ಕು ಜನರೆದುರು ಬಾಯಿ ತೆರೆಯದವಳು ಅಂಗಡಿಯ ಗಾದಿಯ ಮೇಲೆ ಕೂತು ಸಂಜೆತನಕ ಮಾತಾಡಿದ್ದಳು. ಆದರೆ ಅಧಿಕಾರಿಯಾಗಬೇಕಾದ ಮಗಳು ಅಂಗಡಿಯಲ್ಲಿ ಕೂರುತ್ತೇನೆಂದರೆ ಅಪ್ಪನ ಮುಖ ಹೇಗಾದೀತು?

ಮರುದಿನ ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿ ಅಪ್ಪ, ಮಗಳು ಮುದಗಲ್ಲಿಗೆ ಬಂದರು. ಕಲ್ಲು ಕೆತ್ತುವ ನಿಯಾಜ್ ಹಾಳೆ ಓದುತ್ತ ಅಜ್ಜಿಯ ಸಾಲಿಗೆ ನಕ್ಕ. ಕೊನೆಯ ಸಾಲಿಗೆ ಬಂದಾಗ ಹಾಳೆಯನ್ನು ಬಿಸಿಲಿಗೆ ಹಿಡಿದ.

"ಸಾವ್ಕಾರ್ರ, ಮ್ಯಾಲಿನವು ದುಂಡಗ ಛಂದ ಅದಾವ. ಇದೊಂದು ಇರಿವಿ ಹರದಂಗ ಐತಿ, ಓದಾಕ ಬರವಲ್ದು. ಸರಿಯಾಗಿ ಹೇಳ್ರಿ, ಒಮ್ಮಿ ಹೊಡದ್ರ ಅಳಸಾಕ ಬರಂಗಿಲ್ಲ."

ಅಪ್ಪ ಹಾಳೆ ಇಸಿದುಕೊಂಡು ಕನ್ನಡಕ ಹಾಕಿದ. ಮಗಳು ಒಂದನೇ ಇಯತ್ತೆಗೆ ಶಾಲೆಗೆ ಹೋದಾಗಿನಿಂದ ಕಂಡ ಅಕ್ಷರ ಅದು. ಬಹಳ ಹೊತ್ತು ನೋಡಿದ. ಆಮೇಲೆ, ನಾನು ಹೇಳಿದೆನೆಂದು ಬರೆದೆಯಾ ಎಂದು ಮೆಲ್ಲಗೆ ಕೇಳಿದ. ಅವಳು ಹೌದೆಂದು ತಲೆಯಾಡಿಸಿ, ಯುಗಾದಿಯಿಂದ ಪುಸ್ತಕ ತೆರೆದಿಲ್ಲ, ಬರೆದದ್ದೆಲ್ಲ ಡೈರಿ ಎಂದಳು. ಅಪ್ಪ ಅಲ್ಲೇ ಬಿದ್ದಿದ್ದ ಚಪ್ಪಡಿಯ ಮೇಲೆ ಕೂತ.

"ದಿನಾ ಬರಕೊಂತ ಕುಂದ್ರತಿದ್ದೆಲ್ಲಬೇ. ಪರೀಕ್ಷಾಕ್ಕ ಓದಾಕತ್ತಾಳ ಅಂತ ನಾ ಟಿವಿ ಸೈತ ಸಣ್ಣಗ ಇಡತಿದ್ದೆ."

ನಿಯಾಜ್ ಮುಖ ತಿರುಗಿಸಿ ನಕ್ಕ. ಅಪ್ಪನಿಗೂ ನಗು ಬಂತು. ಬೈಗುಳಕ್ಕೆ ಕಾದಿದ್ದ ಅವಳು ತಲೆ ಎತ್ತಿದಳು.

"ನಿನ್ನ ಸಾಲು ನಾ ಹೇಳಿದ್ದ ತಪ್ಪು," ಎಂದ ಅಪ್ಪ. "ಈಗ ನೀನ ಹೇಳವ್ವ."

ಶಿವರಂಜನಿ ಚಪ್ಪಡಿಯ ಮೇಲೆ ಅಪ್ಪನ ಪಕ್ಕ ಕೂತಳು.

"ಅಪ್ಪಾ, ನನಗ ನಿನ್ನ ಜೋಡಿ ಅಂಗಡ್ಯಾಗ ಕುಂದ್ರಬೇಕು ಅನಸ್ತೈತಿ."