ಹಸೆಮಣೆ ಏರಿದ ಲ್ಯಾಪ್‌ಟಾಪ್

ರಂಜಿತಾ ಚೀಲದಿಂದ ಲ್ಯಾಪ್‌ಟಾಪ್ ತೆಗೆಯುವ ಮೊದಲೇ ಅವಳ ತಾಯಿ ನಾಗಕ್ಕ ನಡುಮನೆಯಲ್ಲಿ ಕರಿಕಂಬಳಿಯನ್ನು ಮಡಚಿ ಹಾಸಿದ್ದಳು. ಮಗಳ ಮದುವೆಯೇ ವಿಡಿಯೊ ಆಗಿ ಆ ಪೆಟ್ಟಿಗೆಯೊಳಗೆ ಕೂತು ಹೊಸದುರ್ಗದಿಂದ ಮಾಡದಕೆರೆಗೆ ಬಂದಿರುವಾಗ ಬರೀ ನೆಲಕ್ಕೆ ಇಡುವುದುಂಟೇ? ಕುರಿ ಕಾಯುವ ಮನೆತನದಲ್ಲಿ ದೇವರು ಬರಲಿ, ಬೀಗರು ಬರಲಿ, ಮೊದಲು ಕಂಬಳಿ ಹಾಸಬೇಕು.

ಆ ಮದುವೆಯನ್ನು ಊರೆಲ್ಲ ಕಂಡಿತ್ತು, ನಾಗಕ್ಕ ಕಂಡಿರಲಿಲ್ಲ. ಗಂಡ ಹೋದ ಮೇಲೆ ಒಬ್ಬಳೇ ಸಾಕಿದ ಮಗಳಿಗೆ ಮೈದುನ ಯತ್ತಪ್ಪನೂ ಅವನ ಹೆಂಡತಿಯೂ ಧಾರೆ ಎರೆಯುವಾಗ ಅವಳು ಉಗ್ರಾಣದಲ್ಲಿ ಕಾಯಿ ಸುಲಿಯುತ್ತಿದ್ದಳು. ಬರಬೇಡ ಎಂದು ಯಾರೂ ಅಂದಿರಲಿಲ್ಲ. ಬಾ ಅಂತಲೂ ಅಂದಿರಲಿಲ್ಲ. ವಾದ್ಯದ ಸದ್ದು ಏರಿದ್ದು ಕೇಳಿ, ಈಗ ಎರೆದರು ಅಂದುಕೊಂಡಿದ್ದಳು, ಅಷ್ಟೇ.

ಕರೆಂಟು ಬರುವುದು ರಾತ್ರಿಗೆ. ರಂಜಿತಾಳ ಬಸ್ಸು ಸಂಜೆಗೆ. ಇದ್ದದ್ದು ಬ್ಯಾಟರಿಯೊಂದೇ.

ಪರದೆಯ ಮೇಲೆ ಬೀಗರು ಬಂದರು, ಕಾಲು ತೊಳೆದರು, ಪಾನಕ ಕುಡಿದರು. ಫಕ್ಕನೆ ಕತ್ತಲಾಯಿತು.

"ಹೋತಲ್ಲೇ! ಪಾನಕ ಹೆಚ್ಚಾತೇನೋ" ಎಂದಳು ಪಕ್ಕದ ಮನೆಯ ಶಿವಗಂಗಮ್ಮ.

"ತಡಿ ದೊಡ್ಡವ್ವ, ಸೀದಾ ಧಾರೆಗೇ ಹೋಗಾಣ." ರಂಜಿತಾ ಮತ್ತೆ ಹಚ್ಚಿ, ಪರದೆಯ ಬೆಳಕು ತಗ್ಗಿಸಿ, ಚಾರ್ಜು ಉಳಿಸುವ ಸೆಟ್ಟಿಂಗಿಗೆ ಹಾಕಿದಳು. ಮಂಕು ಬೆಳಕಿನಲ್ಲಿ ಕಾಣಲೆಂದು ಬಾಗಿಲು ಮುಚ್ಚಿದರು. ವಧೂವರರ ನಡುವಿನ ತೆರೆ ಇನ್ನೇನು ಸರಿಯಬೇಕು, ಮತ್ತೆ ಕತ್ತಲೆ.

ಈ ಸಲವೂ ನನಗಿಲ್ಲ ಅಂದುಕೊಂಡಳು ನಾಗಕ್ಕ.

ರಂಜಿತಾ ಅಡಿಗೆ ಕೈಹಾಕಿ ಚುರ್ ಎಂದು ಹಿಂದೆಳೆದುಕೊಂಡಳು. "ಚಾರ್ಜು ಐತವ್ವ! ಇದಕ್ಕೆ ಕೆಳಗಿಂದ ಗಾಳಿ ಆಡ್ಬೇಕು. ಕಂಬಳಿ ಉಸಿರು ಕಟ್ಟಿಸೈತೆ."

"ಅಯ್ಯೋ, ಮರ್ಯಾದೆ ಮಾಡಾಕೋಗಿ ಬೇಯಿಸಿಬಿಟ್ನೇನೇ?"

ಶಿವಗಂಗಮ್ಮ ಮೊರ ತಂದು ಬೀಸತೊಡಗಿದಳು.

"ಹೊಟ್ಟು ಒಳಗೆ ಹೋಗ್ತೈತೆ ದೊಡ್ಡವ್ವ!"

"ಉಣ್ಲಿ ಬಿಡೇ, ಬೀಗರ ಕಡೇದು."

ನಕ್ಕು ನಕ್ಕು ಸುಸ್ತಾದರೂ ನಾಗಕ್ಕನಿಗೆ ಅದನ್ನು ಬರೀ ನೆಲಕ್ಕಿಡಲು ಮನಸ್ಸು ಒಪ್ಪಲಿಲ್ಲ. ತುಸು ಹೊತ್ತು ನಿಂತು, ಅಟ್ಟಕ್ಕೆ ಕೈಚಾಚಿ ಹಸೆಮಣೆ ಇಳಿಸಿದಳು. ಮದುವೆಯ ದಿನ ಅವಳು ಮುಟ್ಟದೆ ದೂರ ಉಳಿದಿದ್ದ ಮಣೆ. ಅರಿಸಿನದ ಕಲೆ ಇನ್ನೂ ಹಾಗೇ ಇತ್ತು. ಸೆರಗಿನಿಂದ ಒರೆಸಿ, ಕಂಬಳಿಯ ಮೇಲೆ ಮಣೆ, ಮಣೆಯ ಮೇಲೆ ಲ್ಯಾಪ್‌ಟಾಪ್ ಇಟ್ಟಳು. ಬಿಸಿ ಆರುವವರೆಗೆ ಮೂವರೂ ಕಾದರು.

ಈ ಸಲ ತೆರೆ ಸರಿಯಿತು. ಜೋಡಿಸಿದ ಕೈಗಳ ಮೇಲೆ ಹಾಲು ಇಳಿಯಿತು. ಮದುಮಗಳ ಕಣ್ಣು ಮಾತ್ರ ಮತ್ತೆ ಮತ್ತೆ ಪಕ್ಕಕ್ಕೆ ಹೊರಳುತ್ತಿತ್ತು.

"ಗಂಡನ್ನ ಬಿಟ್ಟು ಯಾವನ್ನ ನೋಡ್ತಿದ್ಯೇ?" ಎಂದಳು ಶಿವಗಂಗಮ್ಮ.

"ಉಗ್ರಾಣದ ಬಾಗ್ಲು ನೋಡ್ತಿದ್ದೆ. ಅವ್ವ ಬರ್ತಾಳೇನೋ ಅಂತ."

ನಾಗಕ್ಕ ಜ್ವರ ಬಿಟ್ಟ ಕೂಸಿನ ಹಣೆ ಮುಟ್ಟುವಂತೆ ಲ್ಯಾಪ್‌ಟಾಪಿನ ಮಗ್ಗುಲಿಗೆ ಅಂಗೈ ಇಟ್ಟಳು.

"ತಣ್ಣಗೈತೆ ಕಣೇ," ಎಂದಳು. "ಇನ್ನೊಂದ್ ಸಲ ಎರೀರಿ."