ಬಾಳವ್ವನ ಕಿರುಬೆರಳು

ಇಳಕಲ್ಲಿನ ನೇಕಾರರ ಓಣಿಯಲ್ಲಿ ಕೊಂಡಿ ಹಾಕುವ ಕೆಲಸಕ್ಕೆ ಶಿವಲಿಂಗವ್ವ ಮತ್ತು ಬಾಳವ್ವರ ಜೋಡಿಯನ್ನು ಮೀರಿಸುವವರು ಇರಲಿಲ್ಲ. ಸೀರೆಯ ಒಡಲಿನ ನೂಲನ್ನು ಸೆರಗಿನ ರೇಷ್ಮೆಗೆ ಎಳೆಗೆ ಎಳೆ ಸಿಕ್ಕಿಸಿ ಜೋಡಿಸುವ ಕೆಲಸ ಅದು. ಕಣ್ಣಿಗಿಂತ ಬೆರಳ ತುದಿಯೇ ಅದನ್ನು ಹೆಚ್ಚು ಬಲ್ಲದು. ಹನ್ನೊಂದು ವರ್ಷಗಳಿಂದ ಇಬ್ಬರೂ ಶಿವಲಿಂಗವ್ವನ ಪಡಸಾಲೆಯಲ್ಲಿ ಎದುರುಬದುರು ಕೂತು, ಮಾತಾಡುತ್ತಲೇ ಕೊಂಡಿ ಹಾಕುತ್ತ ಬಂದಿದ್ದರು.

ಎಂಬತ್ತೈದನೆಯ ಇಸವಿಯ ಬೇಸಿಗೆ. ಒಂದು ಬೆಳಿಗ್ಗೆ ಬಿಳಿ ನೂಲಿನ ಮೇಲೆ ಹಳದಿ ಕಲೆಯೊಂದನ್ನು ಶಿವಲಿಂಗವ್ವ ಕಂಡಳು. ಬಾಳವ್ವನ ಎಡಗೈಯ ಕಿರುಬೆರಳಿನಲ್ಲಿ ದೊಡ್ಡ ಬೊಕ್ಕೆಯೆದ್ದು, ಒಡೆದು, ನೀರು ಸೋರುತ್ತಿತ್ತು.

"ಬಾಳವ್ವಾ, ಬೆರಳಿಗಿ ಏನಾತ?"

ಬಾಳವ್ವ ಕೈ ಎತ್ತಿ ನೋಡಿದಳು. ಬೇರೆ ಯಾರದೋ ಬೆರಳನ್ನು ನೋಡುವ ಹಾಗೆ ನೋಡಿದಳು.

"ಒಲಿ ಮ್ಯಾಲಿನ ತಪೇಲಿ ಇಳಿಸಿದ್ನೆಲ್ಲ ಅಕ್ಕಾ, ಅದಕ್ಕ ಸುಟ್ಟಿರಬೇಕು."

"ಇರಬೇಕು ಅಂದ್ರ? ಉರೀಲಿಲ್ಲೇನ?"

"ಉರೀತು, ಉರೀತು," ಎಂದು ಬಾಳವ್ವ ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಶಿವಲಿಂಗವ್ವ ಮತ್ತೆ ನೂಲಿಗೆ ಬಾಗಿದಳು. ಆದರೆ ಅವಳಿಗೆ ಒಂದೊಂದೇ ನೆನಪಾಗತೊಡಗಿತು. ನಾಲ್ಕು ತಿಂಗಳಿನಿಂದ ಬಾಳವ್ವನ ಕಡೆಯ ಕೊಂಡಿಗಳು ಸಡಿಲಾಗುತ್ತಿದ್ದವು. ಅವಳು ಎದ್ದುಹೋದ ಮೇಲೆ ತಾನೇ ಸುಮ್ಮನೆ ಸರಿಪಡಿಸುತ್ತಿದ್ದಳು. ಮೊನ್ನೆ ಬಾಳವ್ವನ ಕೈಯಿಂದ ಕತ್ತರಿ ಜಾರಿ ಬಿದ್ದಿತ್ತು. ಅವಳ ಮೊಳಕೈ ಹತ್ತಿರ ಮಾಸಿದ ಬಣ್ಣದ ಮಚ್ಚೆಯೊಂದಿತ್ತು. ಎಲ್ಲವನ್ನೂ ಕೂಡಿಸಿದಾಗ ಬಂದ ಮಾತನ್ನು ಶಿವಲಿಂಗವ್ವ ಬಾಯಿಗೆ ತರಲಿಲ್ಲ. ದೊಡ್ಡ ರೋಗ. ಅವಳ ತವರೂರಿನಲ್ಲಿ ದೊಡ್ಡಮ್ಮನೊಬ್ಬಳನ್ನು ಊರಾಚೆಯ ಗುಡಿಸಲಲ್ಲಿ ಇಟ್ಟಿದ್ದರು. ರೊಟ್ಟಿಯನ್ನು ಕಲ್ಲಿನ ಮೇಲಿಟ್ಟು ಹಿಂತಿರುಗಿ ನೋಡದೆ ಬರುತ್ತಿದ್ದರು. ಎಂಟು ವರ್ಷದವಳಿದ್ದಾಗ ಶಿವಲಿಂಗವ್ವ ಒಮ್ಮೆ ತಿರುಗಿ ನೋಡಿ ಏಟು ತಿಂದಿದ್ದಳು.

ಅಂದು ಮಧ್ಯಾಹ್ನ ಅವಳು ಮೂರು ಸಲ ಕೈ ತೊಳೆದಳು. ಮರುದಿನ ಬಾಳವ್ವನಿಗೆ ನೀರು ಕೊಡುವಾಗ ದಿನದ ಲೋಟ ಬಿಟ್ಟು, ಮೂಲೆಯಲ್ಲಿದ್ದ ಹಳೆಯ ಹಿತ್ತಾಳೆ ಲೋಟ ತೆಗೆದಳು. ಬಾಳವ್ವ ಲೋಟವನ್ನು ನೋಡಿದಳು, ನೀರು ಕುಡಿದಳು. ಅದರ ಮರುದಿನ ಅವಳು ಕೆಲಸಕ್ಕೆ ಬರಲಿಲ್ಲ. ಮೈ ಬೆಚ್ಚಗಿದೆ ಎಂದು ಗಂಡ ಅಮೀನಪ್ಪನ ಕೈಯಲ್ಲಿ ಹೇಳಿಕಳಿಸಿದಳು.

ಶಿವಲಿಂಗವ್ವನ ಮಗಳು ಸಂಗವ್ವನ ಮದುವೆ ಗುಳೇದಗುಡ್ಡದ ಮನೆತನಕ್ಕೆ ನಿಕ್ಕಿಯಾಗಿತ್ತು. ಹನ್ನೊಂದು ವರ್ಷ ಒಂದೇ ನೂಲು ಹಿಡಿದ ಕೈಗಳು, ತನಗೂ ಬಂದಿದ್ದರೆ? ಜಳಕ ಮಾಡುವಾಗ ಮೈಯೆಲ್ಲ ಹುಡುಕಿದಳು. ಬಲ ಮುಂಗೈಯ ಮೇಲೆ ರೂಪಾಯಿಯಷ್ಟಗಲದ ಬಿಳುಪು ಕಂಡಿತು. ಸೂಜಿ ತಂದು ಚುಚ್ಚಿಕೊಂಡಳು. ನೋವಾಯಿತು. ನೋವಾಯಿತೆಂದು ತನಗೆ ಅನ್ನಿಸಿದ್ದೋ, ನಿಜವಾಗಿ ಆದದ್ದೋ ಎಂದು ಮತ್ತೆ ಚುಚ್ಚಿಕೊಂಡಳು. ದಿನಕ್ಕೆ ನಾಲ್ಕೈದು ಸಲ, ಎಂಟು ದಿನ ಹೀಗೇ ನಡೆಯಿತು. ರೊಟ್ಟಿ ಬಡಿಯುತ್ತ ನಡುವೆ ಎದ್ದುಹೋಗಿ ಚುಚ್ಚಿಕೊಂಡು ಬರುತ್ತಿದ್ದಳು.

ಒಂಬತ್ತನೆಯ ದಿನ ಹುಸೇನಸಾಬ ಓಣಿಗೆ ಬಂದ. ಸರಕಾರದ ವತಿಯಿಂದ ಮನೆಮನೆಗೆ ತಿರುಗಿ ಮೈಮೇಲಿನ ಮಚ್ಚೆ ನೋಡುವವನು. ಚೀಲದಲ್ಲಿ ಕೋಳಿಯ ಗರಿ ಇಟ್ಟುಕೊಂಡಿರುತ್ತಿದ್ದನೆಂದು ಅವನಿಗೆ ಗರಿ ಸಾಹೇಬ ಎಂದು ಹೆಸರು ಬಿದ್ದಿತ್ತು. ಅವನ ಸೈಕಲ್ಲಿನ ಗಂಟೆ ಕೇಳಿದರೆ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು. ಎದುರು ಸಾಲಿನಲ್ಲಿ ಬಾಳವ್ವನ ಬಾಗಿಲು ಹಾಕಿಕೊಂಡದ್ದನ್ನು ಶಿವಲಿಂಗವ್ವ ಕಂಡಳು. ತಾನೂ ಕದಕ್ಕೆ ಕೈ ಹಾಕುವಷ್ಟರಲ್ಲಿ ಅವನು ಕಟ್ಟೆಯ ಹತ್ತಿರ ಬಂದುಬಿಟ್ಟಿದ್ದ.

"ನಮ್ಮ ಮನ್ಯಾಗ ಯಾರಿಗೂ ಏನಿಲ್ರಿ," ಎಂದಳು.

ಹುಸೇನಸಾಬ ಕದದ ಮೇಲಿದ್ದ ಅವಳ ಮುಂಗೈಯನ್ನು ನೋಡುತ್ತಿದ್ದ. ಬಿಳುಪಿನ ತುಂಬ ಸೂಜಿಯ ಕೆಂಪು ಚುಕ್ಕೆಗಳಿದ್ದವು.

"ಎಷ್ಟ ದಿನದಿಂದ ಚುಚ್ಚಿಕೊಳ್ಳಾಕತ್ತೀರಿ ಅಕ್ಕಾರ?" ಎಂದು ಮೆಲ್ಲಗೆ ಕೇಳಿದ.

ಅವಳು ಕದ ಬಿಟ್ಟಳು. ಅಲ್ಲೇ ಹೊಸ್ತಿಲ ಮೇಲೆ ಕೂತಳು. ಅವನು ಕಟ್ಟೆಯ ಮೇಲೆ ಕೂತು ಚೀಲದಿಂದ ಗರಿ ತೆಗೆದ.

"ಕಣ್ಣ ಮುಚ್ಚಿಕೋರಿ. ಗರಿ ಮುಟ್ಟಿದಾಗ ಮುಟ್ಟಿದ ಜಾಗಾ ಬೆರಳಿಲೆ ತೋರಸ್ರಿ."

ಗರಿ ಐದು ಸಲ ಮುಟ್ಟಿತು. ಐದು ಸಲವೂ ಅವಳು ಸರಿಯಾಗಿ ತೋರಿಸಿದಳು.

"ಇದು ದೊಡ್ಡ ರೋಗ ಅಲ್ಲ, ಸಿಬ್ಬರಿ. ಮುಲಾಮು ಹಚ್ಚಿದ್ರ ಹೋಗತೈತಿ. ಸೂಜಿ ನೋವು ಗೊತ್ತಾಗೂ ಮಂದಿ ಬಗ್ಗೆ ನನಗ ಚಿಂತಿ ಇಲ್ಲ. ಕೈ ಸುಟ್ರೂ ಗೊತ್ತಾಗಲಾರದವರು ಬಾಗಲಾ ಹಾಕ್ಕೊಂಡು ಒಳಗ ಕುಂತಿರತಾರ, ಅವರದ ಚಿಂತಿ. ಈಗ ಹೊಸಾ ಗುಳಿಗಿ ಬಂದಾವ. ಲಗೂನ ಬಂದ್ರ ಬೆರಳು ಉಳೀತಾವ. ತಡಾ ಆದ್ರ ನಾವರ ಏನ್ ಮಾಡೂಣು? ಬುಧವಾರ ಬಾಗಲಕೋಟಿ ದವಾಖಾನ್ಯಾಗ ನೋಡತಾರ."

ಅವನು ಹೋದ ಮೇಲೆ ಶಿವಲಿಂಗವ್ವನಿಗೆ ನಗು ಬಂತು. ಒಳಗೆ ಹೋಗಿ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡಳು. ನನಗಿಲ್ಲ, ನನಗಿಲ್ಲ ಎಂದು ಮನಸ್ಸು ಕುಣಿಯುತ್ತಿತ್ತು. ಕಿಟಕಿಯಿಂದ ಎದುರಿನ ಮುಚ್ಚಿದ ಬಾಗಿಲು ಕಂಡಿತು. ಬಾಯಲ್ಲಿ ಬೆಲ್ಲ ಹಾಗೇ ನಿಂತಿತು.

ಮರುದಿನ ಬೆಳಿಗ್ಗೆ ಪೂಜೆಗೆ ಕೂತಾಗ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡಳು. ಅದರ ತಂಪು ಚರ್ಮಕ್ಕೆ ತಾಕಿತು. ಬಾಳವ್ವನೂ ಈಗ ಪೂಜೆಗೆ ಕೂತಿರುತ್ತಾಳೆ, ಅವಳಿಗೆ ಈ ತಂಪು ಎಲ್ಲಿಯವರೆಗೆ ತಿಳಿಯುತ್ತಿರಬಹುದು ಎಂದು ಅವಳಿಗೆ ಅನಿಸಿತು. ಎಂಟು ದಿನ ಅವಳು ತನ್ನ ಕೈಯೊಂದನ್ನೇ ನೋಡಿಕೊಂಡಿದ್ದಳು. ಬಾಳವ್ವ ಎಷ್ಟು ತಿಂಗಳಿನಿಂದ ಒಬ್ಬಳೇ ಹೀಗೆ ಚುಚ್ಚಿಕೊಳ್ಳುತ್ತಿದ್ದಾಳೋ, ಅವಳಿಗೆ ನೋವಾಗಲಿಲ್ಲವಲ್ಲ. ಶಿವಲಿಂಗವ್ವ ತನ್ನ ಹೆದರಿಕೆಯನ್ನು ಮೊದಲ ಸಲ ಹೊರಗಿನಿಂದ ನೋಡಿದಂತೆ ನೋಡಿದಳು. ಹಿತ್ತಾಳೆ ಲೋಟ ಎತ್ತಿಕೊಟ್ಟದ್ದು ರೋಗವಲ್ಲ, ತನ್ನ ಕೈಯೇ. ಹೆದರಿಕೆ ಹೋಗಲಿಲ್ಲ. ಆದರೂ ಪೂಜೆ ಮುಗಿಸಿ ಎದುರು ಮನೆಗೆ ಹೋದಳು.

ಬಾಳವ್ವ ಬಾಗಿಲನ್ನು ಅರ್ಧ ತೆರೆದಳು.

"ಯಾಕ ಬಂದಿ ಅಕ್ಕಾ? ಲೋಟಾ ಬ್ಯಾರೆ ಇಟ್ಟಾಕಿ ಮನೀ ತನಕಾ ಯಾಕ ಬಂದಿ?"

"ನಂದ ತಪ್ಪು. ಹೆದರಿದ್ನಿ. ಈಗೂ ಹೆದರೀನಿ."

ಬಾಳವ್ವ ಅವಳ ಮುಖವನ್ನು ನೋಡುತ್ತ ನಿಂತಳು. ಸುಳ್ಳು ಸಮಾಧಾನ ಹೇಳಿದ್ದರೆ ಬಾಗಿಲು ಹಾಕುತ್ತಿದ್ದಳೇನೋ. ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಅಡಿಗೆಮನೆಯಲ್ಲಿ ಶಿವಲಿಂಗವ್ವ ಅವಳ ಎಡಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. "ಕಣ್ಣ ಮುಚ್ಚು. ಮುಟ್ಟಿದಾಗ ಹೇಳು."

ಹೆಬ್ಬೆರಳು ಮುಟ್ಟಿದಳು. "ಹೂಂ" ಎಂದಳು ಬಾಳವ್ವ. ತೋರುಬೆರಳು. "ಹೂಂ." ಕಿರುಬೆರಳನ್ನು ಒತ್ತಿ ಹಿಡಿದಳು. ಬಾಳವ್ವ ಸುಮ್ಮನಿದ್ದಳು. ಶಿವಲಿಂಗವ್ವ ಕೈ ಹಿಂದೆ ತೆಗೆದುಕೊಂಡಳು. ಯಾವ ಬೆರಳನ್ನೂ ಮುಟ್ಟಲಿಲ್ಲ.

"ಹೂಂ," ಎಂದಳು ಬಾಳವ್ವ. "ಗೊತ್ತಾತು. ಹೂಂ. ಈಗೂ ಗೊತ್ತಾತು."

ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಶಿವಲಿಂಗವ್ವ ಬೇರೇನೂ ಹೊಳೆಯದೆ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು. "ಬುಧವಾರ ಬಾಗಲಕೋಟಿಗೆ ಹೋಗೂಣು," ಎಂದಳು.

"ಇವರಿಗೆ ಗೊತ್ತಾದ್ರ ನನ್ನ ತವರಿಗಿ ರಾಮಥಾಳಕ್ಕ ಕಳಿಸಿಬಿಡತಾರ ಅಕ್ಕಾ. ಅಲ್ಲೂ ಯಾರು ಇಟ್ಕೋತಾರ?"

"ಮೊದಲ ದವಾಖಾನಿ. ಆಮ್ಯಾಲ ಉಳಿದದ್ದು."

ಬುಧವಾರ ನೂಲು ನೋಡಿಬರುತ್ತೇವೆಂದು ಹೇಳಿ ಇಬ್ಬರೂ ಬಸ್ಸು ಹತ್ತಿದರು. ಹುನಗುಂದದ ನಿಲ್ದಾಣದಲ್ಲಿ ಬಸ್ಸು ನಿಂತಾಗ ಗುರುಸಿದ್ದವ್ವ ಹತ್ತಿದಳು. ಸಂಗವ್ವನನ್ನು ಮದುವೆಯಾಗಲಿದ್ದ ಗುಳೇದಗುಡ್ಡದ ಹುಡುಗನ ಸೋದರತ್ತೆ ಅವಳು. ಹಿಂದಿನ ಸೀಟಿನಲ್ಲೇ ಬಂದು ಕೂತಳು.

"ಬೀಗತಿಯಾರು ಎಲ್ಲಿಗಿ ಹೊಂಟ್ರಿ?"

"ಬಾಗಲಕೋಟಿಗ್ರಿ. ದವಾಖಾನಿಗೆ." ಬಾಯಿಂದ ಬಂದುಬಿಟ್ಟಿತ್ತು.

"ಯಾವ ದವಾಖಾನಿ? ಯಾರಿಗೇನಾಗೇತಿ?"

ಬಾಳವ್ವ ಕಿಟಕಿಯ ಕಡೆ ತಿರುಗಿ ಸೆರಗಿನೊಳಗೆ ಕೈ ಮುಚ್ಚಿಕೊಂಡಳು. ಗುರುಸಿದ್ದವ್ವನ ಕಣ್ಣು ಬಾಳವ್ವನ ಮೊಳಕೈಯ ಕಡೆ ಸರಿಯುತ್ತಿತ್ತು. ಶಿವಲಿಂಗವ್ವ ತನ್ನ ಬಲಗೈಯನ್ನು ಮುಂದೆ ಚಾಚಿದಳು.

"ನನಗ್ರಿ. ಇಲ್ಲೊಂದು ಮಚ್ಚಿ ಎದ್ದೈತಿ. ತೋರಿಸಿಕೊಂಡ ಬರಾಕ ಹೊಂಟೇನಿ."

ಗುರುಸಿದ್ದವ್ವ ಆ ಬಿಳುಪನ್ನೂ ಸೂಜಿಯ ಚುಕ್ಕೆಗಳನ್ನೂ ನೋಡಿದಳು. ಅಮೀನಗಡದಲ್ಲಿ ಸೀಟು ಬದಲಾಯಿಸಿದಳು. ಏನು ಮಾಡಿದೆ ಎಂದು ಶಿವಲಿಂಗವ್ವ ಬಾಗಲಕೋಟೆಯವರೆಗೆ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು.

ದವಾಖಾನೆಯಲ್ಲಿ ಬಾಳವ್ವನಿಗೆ ಇರುವುದು ಕುಷ್ಠರೋಗವೇ ಎಂದು ಖಾತ್ರಿಯಾಯಿತು. ಎರಡು ವರ್ಷ ತಪ್ಪದೆ ಗುಳಿಗೆ ನುಂಗಬೇಕು, ಮೂತ್ರ ಕೆಂಪಾದರೆ, ಚರ್ಮ ಕಪ್ಪಾದರೆ ಹೆದರಬಾರದು, ಬಟ್ಟೆ ಹಿಡಿಯದೆ ಒಲೆಯ ಪಾತ್ರೆ ಮುಟ್ಟಬಾರದು ಎಂದರು ಡಾಕ್ಟರರು. ಗುಳಿಗೆ ಸುರುವಾದ ಸ್ವಲ್ಪ ದಿನಕ್ಕೇ ಇನ್ನೊಬ್ಬರಿಗೆ ಹರಡುವುದಿಲ್ಲ ಎಂದೂ ಹೇಳಿದರು. "ಮನ್ಯಾಗ ಇರಬಹುದೇನ್ರಿ?" ಎಂದು ಬಾಳವ್ವ ಎರಡೆರಡು ಸಲ ಕೇಳಿದಳು. "ಮನೀ ಬಿಟ್ಟು ಎಲ್ಲಿರತೀ ತಂಗಿ?" ಎಂದರು ಅವರು.

ಎಂಟು ದಿನದಲ್ಲಿ ಗುಳೇದಗುಡ್ಡದಿಂದ ಮಾತು ಬಂತು. ಈ ವರ್ಷ ಮದುವೆ ಬೇಡ, ಮುಂದೆ ನೋಡೋಣ ಎಂದು. ಶಿವಲಿಂಗವ್ವನ ಗಂಡ ನಿಂಗಣ್ಣ ಮಗ್ಗ ನಿಲ್ಲಿಸಿ ಹೆಂಡತಿಯ ಮುಂದೆ ಬಂದು ನಿಂತ.

"ನೀ ಏನ್ ಹೇಳಿ ಬಂದೀ ಬಸ್ಸಿನ್ಯಾಗ?"

ಅವಳು ಎಲ್ಲವನ್ನೂ ಹೇಳಿದಳು. ಅವನು ಕೇಳಿ, ಮತ್ತೆ ಮಗ್ಗದ ಕುಣಿಗಿಳಿದು ಲಾಳಿ ಎಸೆಯತೊಡಗಿದ. ಸಂಗವ್ವ ಅತ್ತಳು. "ನನ್ನ ಒಂದ ಮಾತು ಕೇಳಬೇಕಾಗಿತ್ತು," ಎಂದಳು. ಮಗಳ ಮಾತು ಖರೆಯಾಗಿತ್ತು.

ಸುದ್ದಿ ಓಣಿಗೂ ಮುಟ್ಟಿತು. ನಳದ ಹತ್ತಿರ ಶಿವಲಿಂಗವ್ವ ಕೊಡ ಇಟ್ಟರೆ ಉಳಿದವರು ತಮ್ಮ ಕೊಡಗಳನ್ನು ಸರಿಸಿಕೊಳ್ಳುತ್ತಿದ್ದರು. ಮೂರನೆಯ ದಿನ ಒಬ್ಬಳು ಅವಳ ಕೊಡವನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದಳು. ಬಾಳವ್ವ ತನ್ನ ಬಾಗಿಲಲ್ಲಿ ನಿಂತು ಅದನ್ನು ಕಂಡಳು. ಇಳಿದು ಬಂದು ಆ ಕೊಡವನ್ನೆತ್ತಿ ನಳದ ಕೆಳಗಿಟ್ಟಳು.

"ಆಕಿಗಿಲ್ಲ. ಆಕಿದು ಸಿಬ್ಬರಿ. ರೋಗ ಐತೆಲ್ಲ, ಅದು ನನಗ. ಬಾಗಲಕೋಟಿ ಗುಳಿಗಿ ತಗೊಳ್ಳಾಕತ್ತೀನಿ. ನನ್ನ ಸಲುವಾಗಿ ಆಕಿ ತನ್ನ ಮ್ಯಾಲ ಹಾಕ್ಕೊಂಡಾಳ. ಇನ್ನ ನೀವು ಏನ್ ಅಂತೀರಿ ಅನ್ರಿ."

ಒಬ್ಬಳು ತುಂಬದ ಕೊಡ ಎತ್ತಿಕೊಂಡು ಹೊರಟಳು. ಅವಳ ಹಿಂದೆ ಇನ್ನಿಬ್ಬರು. ನೀರು ಸುಮ್ಮನೆ ಹರಿಯುತ್ತಿತ್ತು. ಕೊನೆಗೆ ಉಳಿದವಳು ಮುದುಕಿ ಜೈನಬಿ, ನೇಕಾರರಿಗೆ ರಾಟಿಯಲ್ಲಿ ನೂಲು ಸುತ್ತಿಕೊಡುವವಳು. ಅವಳು ಬಾಳವ್ವನ ಹತ್ತಿರ ಬಂದಳು.

"ನಮ್ಮ ಮಮ್ಮಗಳು ಸುಗರಾ ಇದ್ದಾಳಲ್ಲವ್ವಾ, ಆಕಿ ಬೆನ್ನ ಮ್ಯಾಲ ಒಂದ ಮಚ್ಚಿ ಐತಿ. ಎರಡ ವರ್ಷ ಆತು. ಯಾರ ಮುಂದ ಹೇಳಲಿ ಅಂತ ಬಾಯಿ ಮುಚ್ಚಿಕೊಂಡ ಕುಂತೀನಿ. ನಮ್ಮನ್ನೂ ಕರಕೊಂಡ ಹೋಗ್ರಿ."

ಮುಂದಿನ ತಿಂಗಳು ಹುಸೇನಸಾಬ ಬಂದಾಗ ಶಿವಲಿಂಗವ್ವ ಕಟ್ಟೆಯ ಮೇಲೆ ಚಾಪೆ ಹಾಸಿದಳು. ಹೆಣ್ಣುಮಕ್ಕಳನ್ನು ಪಡಸಾಲೆಯೊಳಗೆ ಕೂರಿಸಿ ಮಚ್ಚೆ ತಾನೇ ನೋಡುವುದನ್ನು ಅವನಿಂದ ಕಲಿತಳು. ಮೊದಲ ಸಲ ಮೂರೇ ಜನ. ದಸರೆಯ ಹೊತ್ತಿಗೆ ಇಪ್ಪತ್ತಾಯಿತು. ಅವರಲ್ಲಿ ಸುಗರಾಳೂ ಸೇರಿ ನಾಲ್ವರಿಗೆ ಗುಳಿಗೆ ಬೇಕಾಯಿತು; ಅವರನ್ನು ಬುಧವಾರದ ಬಾಗಲಕೋಟೆ ಬಸ್ಸಿಗೆ ಶಿವಲಿಂಗವ್ವನೇ ಹತ್ತಿಸಿ ಕಳಿಸುತ್ತಿದ್ದಳು. ಎಲ್ಲರೂ ಬದಲಾದರೆಂದಲ್ಲ. ಕಟ್ಟೆಯ ಮುಂದೆ ಬಂದಾಗ ಮೂಗಿಗೆ ಸೆರಗು ಹಿಡಿದು ದಾಟುವವರು ಇದ್ದೇ ಇದ್ದರು. ಅಮೀನಪ್ಪ ಹೆಂಡತಿಯನ್ನು ತವರಿಗೆ ಕಳಿಸಲಿಲ್ಲ, ಆದರೆ ಐದು ತಿಂಗಳು ತಾನೇ ಅಡಿಗೆ ಮಾಡಿಕೊಂಡು ಉಂಡ. ಆರನೆಯ ತಿಂಗಳಲ್ಲಿ ಒಂದು ದಿನ ಅವನ ಅನ್ನ ಸೀದುಹೋಯಿತು. ಬಾಳವ್ವ ತನ್ನ ರೊಟ್ಟಿ ಮುಂದಿಟ್ಟಳು, ಅವನು ಉಂಡ. ಗುಳೇದಗುಡ್ಡದ ಸಂಬಂಧ ಮತ್ತೆ ಕೂಡಲಿಲ್ಲ. ಸಂಗವ್ವನನ್ನು ಎರಡು ವರ್ಷ ಬಿಟ್ಟು ಹುನಗುಂದಕ್ಕೆ ಕೊಟ್ಟರು. ಆ ಎರಡು ವರ್ಷವೂ ಶಿವಲಿಂಗವ್ವ ಮಗಳ ಮುಖ ನೋಡಿದಾಗಲೆಲ್ಲ ಒಳಗೇ ಅಳುಕುತ್ತಿದ್ದಳು.

ಮದುವೆಯಾದ ಮರುವರ್ಷ ಒಂದು ಮಧ್ಯಾಹ್ನ, ಗುರುತಿಲ್ಲದ ಹೆಂಗಸೊಬ್ಬಳು ಬಾಗಿಲಿಗೆ ಬಂದಳು. ಬಿಸಿಲಲ್ಲಿ ದೂರದಿಂದ ನಡೆದು ಬಂದಂತಿತ್ತು. ಕಿವಿ, ಗಲ್ಲ ಎಲ್ಲ ಮುಚ್ಚುವಂತೆ ಸೆರಗು ಬಿಗಿದಿದ್ದಳು.

"ಬಾಗಲಕೋಟಿ ಬಸ್ಸು ತೋರಸೂ ಅಕ್ಕಾರ ಮನೀ ಇದ ಏನ್ರಿ?"

ಸೆರಗು ಸರಿದಾಗ ಅವಳ ದಪ್ಪಗಾದ ಕಿವಿ ಕಂಡಿತು. ಶಿವಲಿಂಗವ್ವನ ಮೈ ಒಂದು ಹೆಜ್ಜೆ ಹಿಂದೆ ಸರಿಯಿತು. ಇಷ್ಟು ಜನರನ್ನು ನೋಡಿದ ಮೇಲೂ ಸರಿಯಿತು. ಹಿಂದೆ ಸರಿದದ್ದು ಅವಳಿಗೆ ತಿಳಿಯಿತು, ಬಂದವಳಿಗೂ ತಿಳಿಯಿತು. ಬಂದವಳು ತಿರುಗಿ ಮೆಟ್ಟಿಲು ಇಳಿಯತೊಡಗಿದಳು.

"ನಿಲ್ಲವ್ವಾ," ಎಂದು ಶಿವಲಿಂಗವ್ವ ಹೊರಗೆ ಬಂದು ಅವಳ ಮುಂಗೈ ಹಿಡಿದಳು. "ಒಳಗ ಬಾ, ಕುಂದ್ರು. ಬಿಸಿಲಾಗ ಬಂದಿ, ಮೊದಲ ನೀರ ಕುಡಿ. ಬುಧವಾರಕ್ಕ ಇನ್ನ ಎರಡ ದಿನ ಐತಿ."